ಕೆಂಪಿನ ಮೇಲೆ ಹಸಿರು ಯಾಕೆ ಕುಣಿಯುತ್ತದೆ?

ಪ್ರಶ್ನೆ: ನಾನು ಬೋರ್ಡ್ ಬರೆಯುವವನು. ಗೆಳೆಯರೊಬ್ಬರು ಪಾಶ್ಚಾತ್ಯ ಮಾಂತ್ರಿಕ ವಿದ್ಯೆಯ ಪುಸ್ತಕವೊಂದನ್ನು ಓದಲು ಕೊಟ್ಟಿದ್ದರು. ತಾಯಿತದ ಮೇಲಿನ ಚಿಹ್ನೆಯನ್ನು ನೆಲದ ಬಣ್ಣಕ್ಕೆ ತೀರಾ ವಿರುದ್ಧವಾದ ಬಣ್ಣದಲ್ಲಿ ಬರೆದರೆ ಅದಕ್ಕೆ ಶಕ್ತಿ ತುಂಬುತ್ತದೆ, ‘ಚಾರ್ಜ್’ ಆಗುತ್ತದೆ ಎಂದು ಅದರಲ್ಲಿದೆ. ಕೆಂಪಿನ ಮೇಲೆ ಹಸಿರು ಬರೆದರೆ ಕಣ್ಣು ಕುಕ್ಕುತ್ತದೆ ಅನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಗಿರಾಕಿ ಕೇಳಿದರೂ ಬೇಡ ಅನ್ನುತ್ತೇವೆ. ಅದರಲ್ಲಿ ಶಕ್ತಿ ಎಲ್ಲಿಂದ ಬಂತು? ಇದು ಬಹಳ ಹಳೆಯ ವಿದ್ಯೆಯೇ? ನಮ್ಮ ಯಂತ್ರಗಳಿಗೂ ಇದಕ್ಕೂ ನಂಟಿದೆಯೇ? ಮಾಡಿ ನೋಡುವುದಾದರೆ ಹೇಗೆ?

ಉತ್ತರ: ನಿಮ್ಮವರು ಯಾವ ಕಾರಣಕ್ಕೆ ಬೇಡ ಅನ್ನುತ್ತಾರೋ ಅದೇ ಕಾರಣಕ್ಕೆ ಅವರು ಬೇಕು ಅಂದರು. ಅಂಗಡಿಯ ಹೆಸರು ನಿಂತಲ್ಲಿ ನಿಲ್ಲಬೇಕು, ಓದಿಸಿಕೊಳ್ಳಬೇಕು. ತಾಯಿತದ ಚಿಹ್ನೆ ನಿಲ್ಲಬಾರದು, ಅದುರಬೇಕು.

ಅವರು ಎಂದರೆ 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಹರ್ಮೆಟಿಕ್ ಆರ್ಡರ್ ಆಫ್ ದಿ ಗೋಲ್ಡನ್ ಡಾನ್’ ಎಂಬ ಗುಪ್ತ ಸಂಘದವರು. ಶುರು ಮಾಡಿದವರು ಮೂವರು ಫ್ರೀಮೇಸನ್ನರು: ಅಸಹಜ ಸಾವುಗಳ ವಿಚಾರಣೆ ನಡೆಸುವ ಸರ್ಕಾರಿ ಹುದ್ದೆಯಲ್ಲಿದ್ದ ವಿಲಿಯಂ ವಿನ್ ವೆಸ್ಟ್‌ಕಾಟ್, ವೈದ್ಯ ವಿಲಿಯಂ ವುಡ್‌ಮನ್, ಮತ್ತು ಗ್ರಂಥಾಲಯಗಳಲ್ಲೇ ಬದುಕು ಕಳೆದ ಮ್ಯಾಕ್‌ಗ್ರೆಗರ್ ಮೇದರ್ಸ್. ಐರಿಷ್ ಕವಿ ಯೇಟ್ಸ್ 1890ರಲ್ಲಿ ಸೇರಿಕೊಂಡ. ಸಂಘದ ಒಳಬಳಗಕ್ಕೆ ಏರಿದವರಿಗೆ ಮಾತ್ರ ಕೊಡುತ್ತಿದ್ದ ಪಾಠಗಳಲ್ಲಿ ಒಂದು ತಾಯಿತ ಮತ್ತು ‘ಮಿಂಚುವ ಫಲಕ’ಗಳನ್ನು ಕುರಿತದ್ದು. ಇವೆಲ್ಲ ಹೊರಜಗತ್ತಿಗೆ ಸಿಕ್ಕಿದ್ದು ಇಸ್ರೇಲ್ ರೆಗಾರ್ಡಿ ಎಂಬಾತ 1937ರಿಂದ 1940ರ ನಡುವೆ ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಮೇಲೆ. ನಿಮ್ಮ ಗೆಳೆಯರ ಪುಸ್ತಕ ಯಾವುದೇ ಇರಲಿ, ಅದರಲ್ಲಿನ ಬಣ್ಣದ ಪಾಠ ಸುತ್ತಿಬಳಸಿ ಇಲ್ಲಿಂದಲೇ ಬಂದಿರುತ್ತದೆ.

ಪಾಠದ ತಿರುಳು ಇಷ್ಟು. ಪ್ರತಿಯೊಂದು ಭೂತಕ್ಕೂ ಗ್ರಹಕ್ಕೂ ಒಂದು ಬಣ್ಣ ಇದೆ. ಆ ಬಣ್ಣದ ಪಕ್ಕದಲ್ಲೇ ಅದರ ಪೂರಕ ಬಣ್ಣವನ್ನು, ಅಂದರೆ ಬಣ್ಣದ ಚಕ್ರದಲ್ಲಿ ಅದಕ್ಕೆ ಎದುರು ಬರುವ ಬಣ್ಣವನ್ನು, ಇಟ್ಟರೆ ಎರಡೂ ಕೂಡಿ ಒಂದು ಸುಳಿ ಏಳುತ್ತದೆ. ಆ ಸುಳಿ ವಾತಾವರಣದಿಂದ ‘ಆಕಾಶ’ದ ಪ್ರವಾಹವನ್ನು ಎಳೆದುಕೊಳ್ಳುತ್ತದೆ, ಸ್ವಲ್ಪ ಭಾಗವನ್ನು ಬರೆಯುವವನಿಂದಲೂ ಎಳೆದುಕೊಳ್ಳುತ್ತದೆ. ಹಾಗಾಗಿ ಇಂಥ ಫಲಕ ಮಾಡುವವರಿಗೆ ಆಯಾಸವಾಗುತ್ತದೆ ಎಂಬ ಎಚ್ಚರಿಕೆಯೂ ಉಂಟು. (ಒಂದು ಸಣ್ಣ ಅಕ್ಷರದ ಅಂಚನ್ನು ಕೈ ನಡುಗದಂತೆ ತುಂಬಿದ ಯಾರಿಗಾದರೂ ಈ ಆಯಾಸ ಗೊತ್ತು. ಅದಕ್ಕೆ ಆಕಾಶವೇನೂ ಬೇಕಿಲ್ಲ.)

ಸದಸ್ಯರು ತಮ್ಮ ಸಲಕರಣೆಗಳನ್ನು ಅಂಗಡಿಯಿಂದ ತರುವಂತಿರಲಿಲ್ಲ, ತಾವೇ ಮಾಡಿ ಬಣ್ಣ ಹಚ್ಚಬೇಕಿತ್ತು. ಬೆಂಕಿಯ ದಂಡ ಕೆಂಪು, ಅದರ ಮೇಲಿನ ದೇವನಾಮಗಳು ಹಸಿರು. ನೀರಿನ ಬಟ್ಟಲು ನೀಲಿ, ಬರಹ ಕಿತ್ತಳೆ. ಗಾಳಿಯ ಕಠಾರಿಯ ಹಿಡಿ ಹಳದಿ, ಬರಹ ನೇರಳೆ. ಎದೆಯ ಮೇಲೆ ತೊಡುವ ಗುಲಾಬಿ ಶಿಲುಬೆಯಲ್ಲಿ 22 ದಳಗಳು, ಒಂದೊಂದರಲ್ಲಿ ಒಂದೊಂದು ಹೀಬ್ರೂ ಅಕ್ಷರ, ದಳಕ್ಕೊಂದು ಬಣ್ಣ, ಅಕ್ಷರಕ್ಕೆ ಅದರ ಪೂರಕ. ನೀವು ಕೇಳಿದ ಸಿಜಿಲ್ ಎಂಬ ಚಿಹ್ನೆ ಹುಟ್ಟುತ್ತಿದ್ದದ್ದೂ ಈ ಗುಲಾಬಿಯಿಂದಲೇ. ಒಂದು ದೇವತೆಯ ಹೆಸರಿನ ಅಕ್ಷರಗಳನ್ನು ದಳದಿಂದ ದಳಕ್ಕೆ ಗೆರೆ ಎಳೆದು ಜೋಡಿಸಿದರೆ ಬರುವ ಅಂಕುಡೊಂಕು ಆಕಾರವೇ ಆ ದೇವತೆಯ ಸಹಿ.

ಗ್ರಹಗಳ ವರ್ಣಪಟ್ಟಿಗಳಲ್ಲಿ ಒಂದು ನನಗೆ ಬಹಳ ಇಷ್ಟ. ಮಂಗಳ ಕೆಂಪು, ಶುಕ್ರ ಹಸಿರು. ಸೂರ್ಯ ಕಿತ್ತಳೆ, ಚಂದ್ರ ನೀಲಿ. ಬುಧ ಹಳದಿ, ಗುರು ನೇರಳೆ. ನೋಡಿ, ಮೂರೂ ಜೋಡಿಗಳು ತಾವಾಗಿಯೇ ಪೂರಕ. ಅಂದರೆ ಮಂಗಳನ ತಾಯಿತ ಮಿಂಚಬೇಕಾದರೆ ಶುಕ್ರನ ಬಣ್ಣ ಬೇಕು, ಶುಕ್ರನದಕ್ಕೆ ಮಂಗಳನದು. ಶನಿ ಮಾತ್ರ ಕಡುನೀಲಿಯಲ್ಲಿ ಒಬ್ಬನೇ ಉಳಿಯುತ್ತಾನೆ. ಅವನಿಗೆ ಹೊಂಬಣ್ಣದ ಕಡೆಗೆ ವಾಲಿದ ಹಳದಿಯನ್ನು ಹುಡುಕಿ ತರಬೇಕು. ಇಷ್ಟು ಚೊಕ್ಕವಾದ ಪಟ್ಟಿಯನ್ನು ಕಂಡಾಗ ಇದು ಆಕಾಶದಿಂದ ಇಳಿದದ್ದಲ್ಲ, ಬಣ್ಣದ ಚಕ್ರ ಬಲ್ಲವರು ಮೇಜಿನ ಮುಂದೆ ಕೂತು ಮಾಡಿದ್ದು ಅನ್ನಿಸುತ್ತದೆ. ಮೇದರ್ಸನ ಹೆಂಡತಿ ಮೊಯಿನಾ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತವಳು, ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ನನ ತಂಗಿ. ಸಂಘದ ಬಣ್ಣದ ಅಚ್ಚುಕಟ್ಟಿನಲ್ಲಿ ಅವಳ ಕೈ ಇದ್ದಿರಬೇಕು ಎಂಬುದು ನನ್ನ ಊಹೆ.

ಈಗ ಕಣ್ಣಿನ ವಿಷಯಕ್ಕೆ ಬರೋಣ, ಯಾಕೆಂದರೆ ಮಿಂಚು ಸುಳ್ಳಲ್ಲ. ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆ. ಅವುಗಳ ಸುದ್ದಿ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ದಾರಿಯಲ್ಲೇ ಒಂದರಿಂದ ಇನ್ನೊಂದನ್ನು ಕಳೆದು ಜೋಡಿ ಮಾಡಲಾಗುತ್ತದೆ. ಒಂದು ತಕ್ಕಡಿಯಲ್ಲಿ ಕೆಂಪು ಮತ್ತು ಹಸಿರು, ಇನ್ನೊಂದರಲ್ಲಿ ನೀಲಿ ಮತ್ತು ಹಳದಿ. ಕೆಂಪೂ ಹೌದು ಹಸಿರೂ ಹೌದು ಎಂಬ ಬಣ್ಣವನ್ನು ನಾವು ಯಾಕೆ ಕಾಣುವುದಿಲ್ಲ ಎಂಬ ಪ್ರಶ್ನೆಯಿಂದ ಹೊರಟು ಜರ್ಮನ್ ಶರೀರವಿಜ್ಞಾನಿ ಎವಾಲ್ಡ್ ಹೆರಿಂಗ್ 1870ರ ದಶಕದಲ್ಲೇ ಇಂಥದೊಂದು ವ್ಯವಸ್ಥೆ ಇರಬೇಕೆಂದಿದ್ದ. ಕೆಂಪನ್ನೇ ದಿಟ್ಟಿಸಿದರೆ ಕೆಂಪಿನ ಕಡೆಯ ಗ್ರಹಿಕೆ ಸಪ್ಪೆಯಾಗುತ್ತದೆ. ಆಮೇಲೆ ಬಿಳಿ ಗೋಡೆ ನೋಡಿದರೆ ತಕ್ಕಡಿ ಆಚೆ ವಾಲಿ ಹಸಿರು-ನೀಲಿ ಛಾಯೆಯೊಂದು ತೇಲುತ್ತದೆ.

ಕಣ್ಣು ಎಂದೂ ಸ್ಥಿರವಾಗಿರುವುದಿಲ್ಲ ಎಂಬುದನ್ನು ಇದಕ್ಕೆ ಸೇರಿಸಿ. ನೀವು ಎಷ್ಟೇ ನೆಟ್ಟ ನೋಟದಿಂದ ನೋಡಿದರೂ ಅದು ಸೂಕ್ಷ್ಮವಾಗಿ ಅತ್ತಿತ್ತ ಜಾರುತ್ತಲೇ ಇರುತ್ತದೆ. ಕೆಂಪು ನೆಲದ ಮೇಲೆ ಹಸಿರು ಅಕ್ಷರ ಇದೆಯೆನ್ನಿ. ಹಸಿರು ಅಕ್ಷರವು ಕಣ್ಣಿನಲ್ಲಿ ಬಿಟ್ಟ ಕೆಂಪು ಛಾಯೆ ಒಂದು ಕೂದಲೆಳೆಯಷ್ಟು ಜಾರಿ ಪಕ್ಕದ ಕೆಂಪಿನ ಮೇಲೆ ಬೀಳುತ್ತದೆ. ಕೆಂಪಿನ ಮೇಲೆ ಕೆಂಪು! ಅಂಚಿನ ಆ ಪಟ್ಟಿ ಒಂದು ಕ್ಷಣ ಉಳಿದ ಕೆಂಪಿಗಿಂತ ಕೆಂಪಾಗಿ ಉರಿಯುತ್ತದೆ, ಮತ್ತೆ ಜಾರುತ್ತದೆ. ಅಕ್ಷರದ ಸುತ್ತ ಓಡಾಡುವ ಬೆಳಕಿನ ಅಂಚು ಹೀಗೆ ಹುಟ್ಟುತ್ತದೆ. ಇನ್ನೂ ಒಂದು ಇದೆ. ವಸ್ತುವಿನ ಅಂಚು ಎಲ್ಲಿದೆ, ಅದು ನಿಂತಿದೆಯೋ ಚಲಿಸುತ್ತಿದೆಯೋ ಎಂದು ಹೇಳುವ ಕೆಲಸವನ್ನು ಮಿದುಳು ಹೆಚ್ಚಾಗಿ ಬೆಳಕು-ಕತ್ತಲೆಯ ವ್ಯತ್ಯಾಸದಿಂದ ಮಾಡುತ್ತದೆ, ಬಣ್ಣದಿಂದ ಅಲ್ಲ. ಕೆಂಪು ಮತ್ತು ಹಸಿರು ಒಂದೇ ಹೊಳಪಿನವಾಗಿದ್ದರೆ ಆ ವಿಭಾಗಕ್ಕೆ ಅಕ್ಷರವೇ ಕಾಣದು. ಬಣ್ಣದ ವಿಭಾಗ ಇಲ್ಲೊಂದು ಅಕ್ಷರ ಇದೆ ಅನ್ನುತ್ತದೆ, ಇನ್ನೊಂದು ಎಲ್ಲಿ ಅನ್ನುತ್ತದೆ. ಆ ಜಗಳವೇ ನಿಮ್ಮ ಕಸುಬಿನವರು ಹೇಳುವ ಕುಕ್ಕುವಿಕೆ.

ಇದು ಹಳೆಯ ವಿದ್ಯೆಯೇ ಎಂದಿರಿ. ತಾಯಿತ ಹಳೆಯದು, ಗ್ರಹಕ್ಕೊಂದು ಬಣ್ಣ ಎಂಬುದೂ ಹಳೆಯದು. ಪೂರಕ ಬಣ್ಣದ ಜೋಡಿ ಮಾತ್ರ ಹಳೆಯದಲ್ಲ. ಮಧ್ಯಯುಗದ ಯುರೋಪಿನ ಮಂತ್ರಗ್ರಂಥಗಳು ಲೋಹ, ಹೊತ್ತು, ಧೂಪ, ಗ್ರಹಬಲಗಳನ್ನು ಕುರಿತು ಪುಟಗಟ್ಟಲೆ ಹೇಳುತ್ತವೆ. ಬಣ್ಣಗಳನ್ನು ಹೀಗೆ ಎದುರುಬದುರು ನಿಲ್ಲಿಸಿ ಮಿಂಚಿಸುವ ಶಾಸ್ತ್ರ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1810ರ ತನ್ನ ವರ್ಣಶಾಸ್ತ್ರದಲ್ಲಿ ಜರ್ಮನ್ ಕವಿ ಗಯಟೆ ಒಂದು ಪ್ರಸಂಗ ಹೇಳುತ್ತಾನೆ. ಸಂಜೆ ಹೊತ್ತು, ವಸತಿಗೃಹದ ಕೋಣೆಗೆ ಒಬ್ಬ ಹುಡುಗಿ ಬಂದಳು: ಬೆಳ್ಳನೆ ಮುಖ, ಕಪ್ಪು ಕೂದಲು, ಕಡುಗೆಂಪು ಕುಪ್ಪಸ. ದಿಟ್ಟಿಸಿ ನೋಡುತ್ತಿದ್ದ ಗಯಟೆಗೆ ಅವಳು ಸರಿದುಹೋದ ಮೇಲೆ ಎದುರಿನ ಬಿಳಿಗೋಡೆಯಲ್ಲಿ ಪ್ರಭಾವಳಿಯ ನಡುವೆ ಕಪ್ಪು ಮುಖ, ಅದರ ಕೆಳಗೆ ಸಮುದ್ರದ ಹಸಿರಿನ ಉಡುಪು ಕಂಡವು. ಮಂತ್ರವಾದಿಗೆ ಇದಕ್ಕಿಂತ ದೊಡ್ಡ ದರ್ಶನ ಬೇಕೆ? ಗಯಟೆ ಅದನ್ನು ಕಣ್ಣಿನ ಗುಣ ಎಂದು ಬರೆದಿಟ್ಟ.

ಆಮೇಲೆ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಮನೆ. ಅಲ್ಲಿ ಬಣ್ಣ ಹಾಕುವ ವಿಭಾಗದ ಮೇಲ್ವಿಚಾರಕನಾಗಿದ್ದ ರಸಾಯನತಜ್ಞ ಶೆವ್ರೆಲ್‌ಗೆ ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂತು. ನೂಲಿನಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವನು ಪ್ರಕಟಿಸಿದ ವರ್ಣವೈದೃಶ್ಯದ ಗ್ರಂಥ ಮುಂದಿನ ಚಿತ್ರಕಾರರ ಕೈಪಿಡಿಯಾಯಿತು. ಗೋಲ್ಡನ್ ಡಾನ್ ಹುಟ್ಟಿದ ಅದೇ 1888ರಲ್ಲಿ ವ್ಯಾನ್ ಗೋ ಆರ್ಲ್ ಪಟ್ಟಣದ ರಾತ್ರಿ ಕೆಫೆಯನ್ನು ಕೆಂಪು ಗೋಡೆ, ಹಸಿರು ಛಾವಣಿ ಮಾಡಿ ಬರೆದ; ಮನುಷ್ಯನ ಉಗ್ರ ವಿಕಾರಗಳನ್ನು ಆ ಎರಡು ಬಣ್ಣಗಳಲ್ಲಿ ಹೇಳಲು ಹೊರಟಿದ್ದಾಗಿ ತಮ್ಮನಿಗೆ ಕಾಗದ ಹಾಕಿದ. ಅಂಥ ಉಜ್ವಲ ಬಣ್ಣಗಳೂ ಆಗಷ್ಟೇ ಕೈಗೆಟುಕಿದ್ದವು. ಪರ್ಕಿನ್ ಎಂಬ ಹುಡುಗ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ತೆಗೆದದ್ದು 1856ರಲ್ಲಿ. ಪುರಾತನ ಈಜಿಪ್ಟಿನ ಹೆಸರು ಹೇಳಿಕೊಂಡ ಆ ಸಂಘದವರು ತಮ್ಮ ಕಾಲದ ಬಣ್ಣದಂಗಡಿಗೂ ಕಲಾಶಾಲೆಗೂ ಋಣಿಗಳಾಗಿದ್ದರು.

ನಮ್ಮ ನಂಟು ನಿಜವಾಗಿಯೂ ಇದೆ, ಆದರೆ ನೀವು ನೆನೆಸಿದ ಕಡೆ ಅಲ್ಲ. ನಮ್ಮ ಯಂತ್ರ ಸಾಮಾನ್ಯವಾಗಿ ತಾಮ್ರದ ತಗಡಿನಲ್ಲಿ ಕೊರೆದದ್ದು, ಬಣ್ಣವೇ ಇಲ್ಲದೆ ನಡೆಯುತ್ತದೆ. ಅದಕ್ಕೆ ಜೀವ ಬರುವುದು ಮಂತ್ರ ಮತ್ತು ಪ್ರಾಣಪ್ರತಿಷ್ಠೆಯಿಂದ. ನಂಟಿರುವುದು ಪಂಚತತ್ತ್ವಗಳಲ್ಲಿ. ಮೀರತ್ತಿನ ರಾಮಪ್ರಸಾದ್ ಎಂಬ ಥಿಯಾಸಫಿಸ್ಟರು ಸ್ವರೋದಯ ಶಾಸ್ತ್ರವನ್ನು ಆಧರಿಸಿ ತತ್ತ್ವಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1890ರಲ್ಲಿ ಬಂತು. ಲಂಡನ್ನಿನವರು ಅದನ್ನು ಹಾಗೇ ಎತ್ತಿಕೊಂಡರು: ಪೃಥ್ವಿಗೆ ಹಳದಿ ಚೌಕ, ಅಪ್‌ಗೆ ಬೆಳ್ಳಿಯ ಅರ್ಧಚಂದ್ರ, ತೇಜಕ್ಕೆ ಕೆಂಪು ತ್ರಿಕೋನ, ವಾಯುವಿಗೆ ನೀಲಿ ವೃತ್ತ, ಆಕಾಶಕ್ಕೆ ಕಪ್ಪು ಅಥವಾ ಕಡುನೀಲಿಯ ಮೊಟ್ಟೆ. ಒಂದರೊಳಗೆ ಒಂದನ್ನಿಟ್ಟು 25 ಕಾರ್ಡು ಮಾಡಿದರು. ಕಾರ್ಡನ್ನು ದಿಟ್ಟಿಸಿ, ಬಿಳಿ ಹಾಳೆಗೆ ಕಣ್ಣು ತಿರುಗಿಸಿ, ಅಲ್ಲಿ ಪೂರಕ ಬಣ್ಣದಲ್ಲಿ ಮೂಡಿದ ಆಕಾರವನ್ನು ಬಾಗಿಲೆಂದು ಭಾವಿಸಿ ಒಳಗೆ ಹೋಗಬೇಕು. ಮೇದರ್ಸ್ ಒಮ್ಮೆ ಯೇಟ್ಸನಿಗೆ ಇಂಥದೊಂದು ಚಿಹ್ನೆಯ ರಟ್ಟು ಕೊಟ್ಟಾಗ ಕವಿಗೆ ಮರುಭೂಮಿಯೂ ಪಾಳುಬಿದ್ದ ಕಲ್ಲುಗಳ ನಡುವಿನಿಂದ ಏಳುತ್ತಿದ್ದ ಕಪ್ಪು ದೈತ್ಯನೂ ಕಂಡದ್ದುಂಟು. ಬೆಂಕಿಯ ಜೀವಿಗಳ ಚಿಹ್ನೆ ತೋರಿಸಿದ್ದಕ್ಕೆ ಹಾಗಾಯಿತು ಎಂಬುದು ಮೇದರ್ಸನ ವಿವರಣೆ.

ಇಲ್ಲಿ ನನಗೊಂದು ತಕರಾರಿದೆ. ಈ ಕಾರ್ಡುಗಳಲ್ಲಿ ಗಾಳಿ ನೀಲಿ, ಭೂಮಿ ಹಳದಿ. ಅದೇ ಸಂಘದ ಕಠಾರಿ-ಬಟ್ಟಲುಗಳಲ್ಲಿ ಗಾಳಿ ಹಳದಿ, ನೀರು ನೀಲಿ. ಬಣ್ಣಕ್ಕೂ ಭೂತಕ್ಕೂ ಪ್ರಕೃತಿಯೇ ಗಂಟು ಹಾಕಿದ್ದರೆ ಒಂದೇ ಮನೆಯಲ್ಲಿ ಎರಡು ಲೆಕ್ಕ ಇರಲಾರದು. ಎರಡೂ ಪಟ್ಟಿಗಳು ಅವರಿಗೆ ‘ಫಲ’ ಕೊಟ್ಟವು, ಯಾಕೆಂದರೆ ಯಾವ ಜೋಡಿಯಾದರೂ ಪೂರಕವಾಗಿದ್ದರೆ ಕಣ್ಣು ಮಿಂಚು ಕಾಣಿಸುತ್ತದೆ. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರುಗಳ ಭೇದ ಸರಿಯಾಗಿ ತಿಳಿಯದು. ಸಂಘದಲ್ಲಿ ಅಂಥವನೊಬ್ಬ ಇದ್ದಿದ್ದರೆ ಬೆಂಕಿಯ ದಂಡ ಅವನ ಕೈಯಲ್ಲಿ ಮಿಂಚುತ್ತಿತ್ತೇ? ಆಕಾಶದ ಪ್ರವಾಹಕ್ಕೆ ನೋಡುವವನ ಶಂಕುಕೋಶಗಳ ಹಂಗು ಇರಬಾರದಲ್ಲ. ಮಂತ್ರದ ಹಂಗಿಲ್ಲದೆಯೂ ಮಿಂಚು ಹುಟ್ಟುತ್ತದೆ: ಸ್ಯಾನ್ ಫ್ರಾನ್ಸಿಸ್ಕೋದ ಚಿತ್ರಕಾರ ವಿಕ್ಟರ್ ಮೊಸ್ಕೊಸೊ 1960ರ ದಶಕದಲ್ಲಿ ಸಂಗೀತ ಕಚೇರಿಗಳ ಪೋಸ್ಟರುಗಳಲ್ಲಿ ಇದೇ ತಂತ್ರ ಬಳಸಿ ಅಕ್ಷರಗಳನ್ನು ಕುಣಿಸಿದ. ಅವನು ಕಲಿತದ್ದು ಯೇಲ್‌ನಲ್ಲಿ, ಬಣ್ಣಗಳ ಮೇಷ್ಟ್ರು ಜೋಸೆಫ್ ಆಲ್ಬರ್ಸ್ ಹತ್ತಿರ.

ಹಾಗೆಂದು ಇಡೀ ಕಸರತ್ತು ಮೋಸ ಎನ್ನಲಾರೆ. ಗಂಟೆಗಟ್ಟಲೆ ಒಂದೇ ಉದ್ದೇಶ ನೆನೆಯುತ್ತ ಬಣ್ಣ ತುಂಬಿ, ಆಮೇಲೆ ದೀಪದ ಬೆಳಕಿನಲ್ಲಿ ದಿಟ್ಟಿಸಿ, ಕಪ್ಪು ಬಟ್ಟೆಯಲ್ಲಿ ಮುಚ್ಚಿ ತೆರೆದು ಸಂಸ್ಕಾರ ಮಾಡಿ, ಕೊನೆಗೆ ಬಿಳಿ ರೇಷ್ಮೆಯಲ್ಲಿ ಸುತ್ತಿಡುವಾಗ ಮನಸ್ಸಿಗೆ ಏನೋ ಆಗಿಯೇ ಇರುತ್ತದೆ. ಅದು ಆಗುವುದು ಮಾಡಿದವನಿಗೆ. ಆದ್ದರಿಂದ ಯಾರಾದರೂ ‘ಚಾರ್ಜ್ ಮಾಡಿದ’ ತಾಯಿತ ಮಾರಿದರೆ ಅದರ ಮುಖ್ಯ ಭಾಗ ಮಾರಿದವನ ಹತ್ತಿರವೇ ಉಳಿದುಬಿಟ್ಟಿರುತ್ತದೆ. ಈಗಿನವರು ಹೆಚ್ಚು ಬಳಸುವ ಸಿಜಿಲ್ ಬೇರೆ ಜಾತಿಯದು. ಆಸ್ಟಿನ್ ಆಸ್ಮನ್ ಸ್ಪೇರ್ ಎಂಬ ಲಂಡನ್ ಚಿತ್ರಕಾರ 1913ರಲ್ಲಿ ಹೇಳಿಕೊಟ್ಟ ಬಗೆಯಿಂದ ಬೆಳೆದದ್ದು ಅದು: ಆಸೆಯನ್ನು ವಾಕ್ಯವಾಗಿ ಬರೆದು, ಮರುಕಳಿಸಿದ ಅಕ್ಷರ ತೆಗೆದು, ಉಳಿದವನ್ನು ಹೆಣೆದು ಚಿಹ್ನೆ ಮಾಡಿ ಮರೆತುಬಿಡುವುದು. ಅದಕ್ಕೆ ಬಣ್ಣ ಕಡ್ಡಾಯವಲ್ಲ.

ಮಾಡಿ ನೋಡುವುದಾದರೆ ನಿಮಗೆ ನನಗಿಂತ ಚೆನ್ನಾಗಿ ಕೈ ಓಡುತ್ತದೆ. ಎನಾಮೆಲ್ ಬೇಡ, ಅದರ ಹೊಳಪು ಬಿಳಿ ಬೆಳಕನ್ನು ಎರಚಿ ಬಣ್ಣವನ್ನು ತೆಳುವಾಗಿಸುತ್ತದೆ. ಬಿಳಿ ಕಾರ್ಡಿನ ಮೇಲೆ ಹೊಳಪಿಲ್ಲದ ಪೋಸ್ಟರ್ ಕಲರ್, ಎರಡು ಕೋಟು. ಕಿತ್ತಳೆ-ನೀಲಿಯಿಂದ ಶುರು ಮಾಡಬಹುದು, ಆದರೆ ನೀಲಿಗೆ ಸ್ವಲ್ಪ ಬಿಳಿ ಸೇರಿಸಿ ಕಿತ್ತಳೆಯ ಹೊಳಪಿಗೆ ತರಬೇಕಾಗುತ್ತದೆ. ಹಳದಿ-ನೇರಳೆ ಎಲ್ಲಕ್ಕಿಂತ ಕಷ್ಟ, ಹಳದಿ ಹುಟ್ಟಾ ತಿಳಿ, ನೇರಳೆ ಹುಟ್ಟಾ ಗಾಢ. ಹೊಳಪು ಸಮ ಆಯಿತೋ ಇಲ್ಲವೋ ತಿಳಿಯಲು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಅಕ್ಷರ ಬೂದುಬಣ್ಣದಲ್ಲಿ ಕರಗಿಹೋಗಿದ್ದರೆ ಹೆಚ್ಚುಕಡಿಮೆ ಸರಿಯಾಗಿದೆ, ಉಳಿದ ಸಣ್ಣ ವ್ಯತ್ಯಾಸವನ್ನು ಕಣ್ಣೇ ಹೇಳುತ್ತದೆ. ಅಕ್ಷರಕ್ಕೂ ನೆಲಕ್ಕೂ ನಡುವೆ ಬಿಳಿಯದೋ ಕಪ್ಪಿನದೋ ಔಟ್‌ಲೈನ್ ಎಳೆಯಬೇಡಿ, ಎಳೆದರೆ ಮಿಂಚು ಅಲ್ಲಿಗೇ ನಿಂತುಹೋಗುತ್ತದೆ. ಗಿರಾಕಿ ಕೆಂಪಿನ ಮೇಲೆ ಹಸಿರೇ ಬೇಕೆಂದು ಹಟ ಹಿಡಿದಾಗ ನೀವು ಬಹುಶಃ ಹಾಗೆ ಔಟ್‌ಲೈನ್ ಎಳೆದೇ ಕುಕ್ಕುವುದನ್ನು ತಪ್ಪಿಸುತ್ತೀರಿ. ಹಗಲ ಬೆಳಕಿನಲ್ಲಿ ಅರ್ಧ ನಿಮಿಷ ನೋಡಿದರೆ ಸಾಕು. ಮೈಗ್ರೇನ್ ಅಥವಾ ಮೂರ್ಛೆರೋಗ ಇರುವವರಿಗೆ, ಅದರಲ್ಲೂ ಪಟ್ಟೆಪಟ್ಟೆಯಾಗಿ ಬರೆದಿದ್ದರೆ, ತೋರಿಸಬೇಡಿ.