ಕ್ಲಿಪ್ ಹಾಕಿದ ಮೇಲೂ ಕಾಯಬೇಕು

ನಮ್ಮ ಯಜಮಾನರ ತಲೆಯೊಳಗೆ ರಕ್ತನಾಳದ ಗುಳ್ಳೆ ಒಡೆದಿತ್ತು. ಬೊಮ್ಮಸಂದ್ರದ ಕಾರ್ಖಾನೆಯಿಂದ ಹೊಸೂರು ರಸ್ತೆಯ ಆಸ್ಪತ್ರೆಗೆ ಒಯ್ದದ್ದು, ತಲೆಬುರುಡೆ ತೆರೆದು ಕ್ಲಿಪ್ ಹಾಕಿದ್ದು ಎಲ್ಲ ಸುಸೂತ್ರವಾಗೇ ಆಯಿತು. ಗಂಡಾಂತರ ಬಂದದ್ದು ಆಮೇಲೆ.

ವಾರ ತುಂಬುವ ಮೊದಲೇ ಭಾವನವರು ಊರಿಂದ ಬಂದಿಳಿದರು. "ಕ್ಲಿಪ್ಪೂ ಹಾಕಾಯ್ತಲ್ಲಮ್ಮ, ಇನ್ನೇನು? ಬಿಲ್ ಏರಿಸೋಕೆ ಮಲಗಿಸ್ಕೊಂಡವ್ರೆ. ನಿಮ್ಮ ಹೆಬ್ಬಗೋಡಿ ರೂಮೂ ಬೇಡ, ಊರಿಗೇ ಕರ್ಕೊಂಡೋಗ್ತೀನಿ" ಅಂತ ಹಟ. ಡಿಸ್ಚಾರ್ಜ್ ಕೇಳಲು ಕೌಂಟರಿಗೂ ಹೋಗಿಬಂದರು.

ಮರುದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ಹಿಂದಿನ ರಾತ್ರಿ ಮಗಳ ಫೀಸು ಕಟ್ಟಿದೆಯಾ ಅಂತ ಕೇಳಿದ್ದ ಮನುಷ್ಯ, ಏನು ಕೇಳಿದರೂ "ಹೂಂ" ಎನ್ನತೊಡಗಿದರು. ಮಗಳ ಹೆಸರೇನು ಅಂದರೆ "ಶಿಫ್ಟು" ಅಂದರು. ಬಲಗೈಲಿದ್ದ ಲೋಟ ಜಾರಿ ಹಾಸಿಗೆಯೆಲ್ಲ ಗಂಜಿ. ನರ್ಸು, "ರಾತ್ರಿ ನಿದ್ದೆ ಇಲ್ಲ, ಮಂಪರು" ಅಂದಳು. ಭಾವನವರು, "ಮಲಗಲಿ ಬಿಡಮ್ಮ, ಸುಮ್ನೆ ಕಾಡಬೇಡ" ಅಂದರು. ನಾನು ವಾರ್ಡಿನ ಬಾಗಿಲಲ್ಲಿ ನಿಂತು ಕೂಗಾಡಿದೆ. ಮರ್ಯಾದೆ ಹೋದರೆ ಹೋಗಲಿ ಅನ್ನಿಸಿತ್ತು. ಡಾಕ್ಟರು ಬಂದು ಎರಡೂ ಕೈ ಮೇಲೆತ್ತಿಸಿದರು. ಬಲಗೈ ಮೆಲ್ಲಗೆ ಕೆಳಗಿಳಿಯಿತು.

ಮಿದುಳಿನ ಸುತ್ತ ಸೋರಿದ ರಕ್ತ ಕರಗುತ್ತಾ ನಾಳಗಳನ್ನು ಕೆರಳಿಸಿ ಬಿಗಿಯುವಂತೆ ಮಾಡುತ್ತದಂತೆ. ರಕ್ತ ಸಾಲದೆ ಮಿದುಳು ಸೊರಗುತ್ತದೆ. ಗುಳ್ಳೆ ಒಡೆದ ಮೇಲೆ ಹೆಚ್ಚಾಗಿ 4ರಿಂದ 14ನೆಯ ದಿನದೊಳಗೆ ಬರುವ ತೊಂದರೆ ಇದು. ಕ್ಲಿಪ್ ಹಾಕಿದ್ದರಿಂದ ಮತ್ತೆ ಒಡೆಯುವ ಭಯ ಕಡಿಮೆ ಎಂದು, ಬಿಗಿದ ನಾಳದಲ್ಲೂ ರಕ್ತ ಹರಿಯಲೆಂದು ಔಷಧ ಕೊಟ್ಟು ಬಿಪಿ ಏರಿಸಿದರು. ಬಿಪಿ ಮಾತ್ರೆ ನುಂಗುವ ಭಾವನವರು ಅದಕ್ಕೂ ಜಗಳ ತೆಗೆದರು! ಅಷ್ಟರಿಂದ ಆಗದೆ, ತೊಡೆಯಿಂದ ತೆಳ್ಳನೆಯ ಕೊಳವೆ ಏರಿಸಿ ಬಿಗಿದ ನಾಳಕ್ಕೇ ಔಷಧ ಬಿಟ್ಟರು. ಸಂಜೆಗೆ ಬೆರಳು ಆಡಿತು.

ಆ ಹೊತ್ತಿಗೆ ಊರಿನ ಬಸ್ಸಿನಲ್ಲಿದ್ದಿದ್ದರೆ?

ನಿಮ್ಮ ಮನೆಯವರಿಗೆ ಹೀಗಾದರೆ, ಎಷ್ಟನೆಯ ದಿನದವರೆಗೆ ಕಾಯಬೇಕೆಂದು ಡಾಕ್ಟರ ಬಾಯಿಂದಲೇ ಕೇಳಿ. ಈ ತೊಂದರೆಯ ಹಾನಿ ತಗ್ಗಿಸಲು ಕೊಡುವ ನಿಮೋಡಿಪಿನ್ ಮಾತ್ರೆ ಸಾಮಾನ್ಯವಾಗಿ 4 ಗಂಟೆಗೊಮ್ಮೆ, 21 ದಿನ, ನಡುರಾತ್ರಿಯದೂ ತಪ್ಪಬಾರದು. ಮಾತು ತೊದಲಿದರೆ, ಮಂಪರು ಹೆಚ್ಚಿದರೆ ಯಾರ ಸಮಾಧಾನವನ್ನೂ ಕೇಳದೆ ಡಾಕ್ಟರನ್ನು ಕರೆಸಿ.

ಯಜಮಾನರ ಮಾತು ಈಗಲೂ ಅಲ್ಲಲ್ಲಿ ತಡವರಿಸುತ್ತದೆ. ಮೊನ್ನೆ ಊರಹಬ್ಬದಲ್ಲಿ ಭಾವನವರು, ತಾವು ಹೊತ್ತ ಹರಕೆಯಿಂದಲೇ ತಮ್ಮ ಉಳಿದ ಅಂತ ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಾನು ಎಲೆ ಬಿಟ್ಟು ಎದ್ದು ಬಂದೆ.