ಏಡಿಯನ್ನು ಮಗುಚಿ ನೋಡಿ, ಆಮೇಲೆ ಬುಟ್ಟಿಗೆ ಹಾಕಿ

ಏಡಿ ಗಂಡೋ ಹೆಣ್ಣೋ, ಬಲಿತಿದೆಯೋ ಇಲ್ಲವೋ, ಮಾಂಸ ತುಂಬಿದೆಯೋ, ರೋಗ ತಗುಲಿದೆಯೋ ಎಂಬುದೆಲ್ಲ ಅದನ್ನು ಮಗುಚಿ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ. ಕ್ಷಣದ ಕೆಲಸ. ಆದರೂ ಬಲೆ ಬಿಡಿಸುವ ಅವಸರದಲ್ಲಿ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಕಡಲಿಗೆ ಹೋಗುವ ಮೀನುಗಾರರಿಗೂ ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಏಡಿ ಸಾಕುವ ರೈತರಿಗೂ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎನ್ನುವ ಏಡಿಗಳಲ್ಲಿ ಈಜು ಏಡಿಗಳದ್ದೇ ಒಂದು ಕುಟುಂಬ. ಇವುಗಳ ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನಂತೆ ಚಪ್ಪಟೆ. ಅದನ್ನು ಬೀಸಿ ನೀರಿನಲ್ಲಿ ಅಡ್ಡಡ್ಡಲಾಗಿ ಈಜುತ್ತವೆ, ಅದರಿಂದಲೇ ಮರಳು ತೋಡಿ ಹುದುಗಿಕೊಳ್ಳುತ್ತವೆ. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಮುಖ್ಯವಾಗಿ ಸಿಗುವವು ಮೂರು. ಬೆನ್ನಿನ ಹಿಂಭಾಗದಲ್ಲಿ ಕೆಂಗಂದು ಬಣ್ಣದ ಮೂರು ಬೊಟ್ಟುಗಳಿರುವ ಮೂರು ಚುಕ್ಕೆ ಏಡಿ, ಗಂಡಿನ ಕಾಲುಗಳು ನೀಲಿಯಾಗಿ ಹೊಳೆಯುವ ನೀಲಿ ಏಡಿ, ಬೆನ್ನ ಮೇಲೆ ಶಿಲುಬೆಯ ಗುರುತಿರುವ ಶಿಲುಬೆ ಏಡಿ. ಅಳಿವೆಯ ಕೆಸರು ಏಡಿಯೂ ಇದೇ ಕುಟುಂಬದ್ದು. ಸಾಕಣೆಗೆ ಅದೇ ಸೂಕ್ತ.

ಮಗುಚಿದಾಗ ಹೊಟ್ಟೆಯ ಮೇಲೆ ಮಡಿಸಿಕೊಂಡ ಮುಚ್ಚಳದಂಥ ಭಾಗ ಕಾಣುತ್ತದೆ. ಗಂಡಿನಲ್ಲಿ ಅದು ಕಿರಿದು. ಎಳೆಯ ಹೆಣ್ಣಿನಲ್ಲಿ ತ್ರಿಕೋನ, ಎದೆಗೆ ಬಿಗಿಯಾಗಿ ಅಂಟಿರುತ್ತದೆ. ಬಲಿತ ಹೆಣ್ಣಿನಲ್ಲಿ ಅಗಲವಾಗಿ ದುಂಡಗಾಗಿ, ಬೆರಳಿನಿಂದ ಸುಲಭವಾಗಿ ಎತ್ತಬಹುದು. ತ್ರಿಕೋನ ಮುಚ್ಚಳದ ಹೆಣ್ಣು ಇನ್ನೂ ಒಂದು ಬಾರಿಯೂ ಮರಿ ಮಾಡಿಲ್ಲ. ಅದನ್ನು ಮಾರಿದರೆ ಸಿಗುವ ಪುಡಿಗಾಸಿಗಿಂತ ನೀರಿಗೆ ಬಿಟ್ಟರೆ ಆಗುವ ಲಾಭ ದೊಡ್ಡದು.

ಏಡಿ ಬೆಳೆಯುವುದು ಚಿಪ್ಪು ಕಳಚಿದಾಗ ಮಾತ್ರ. ಹಳೆಯ ಚಿಪ್ಪು ಹಿಂಬದಿಯಲ್ಲಿ ಬಿರಿಯುತ್ತದೆ, ಏಡಿ ಹಿಮ್ಮುಖವಾಗಿ ಹೊರಬರುತ್ತದೆ, ನೀರು ಹೀರಿ ಉಬ್ಬುತ್ತದೆ. ಕೆಲವು ದಿನ ಮೈ ಮೆತ್ತಗೆ. ಮುರಿದ ಕಾಲು ಮತ್ತೆ ಮೂಡುವುದೂ ಚಿಪ್ಪು ಕಳಚುವಾಗಲೇ. ಹೆಣ್ಣು ಗಂಡಿನೊಡನೆ ಕೂಡುವುದೂ ಈ ಮೆತ್ತನೆಯ ಹೊತ್ತಿನಲ್ಲಿ. ಗಂಡು ಮೊದಲೇ ಬಂದು ಅವಳನ್ನು ತನ್ನ ಕೆಳಗೆ ಹಿಡಿದುಕೊಂಡು ಕಾಯುತ್ತದೆ. ಒಮ್ಮೆ ಪಡೆದ ವೀರ್ಯವನ್ನು ಹೆಣ್ಣು ಒಡಲಿನಲ್ಲಿ ಕೂಡಿಟ್ಟು ಒಂದಕ್ಕಿಂತ ಹೆಚ್ಚು ಬಾರಿ ಮೊಟ್ಟೆ ಇಡಬಲ್ಲದು.

ಮೊಟ್ಟೆಗಳು ಮುಚ್ಚಳದ ಅಡಿಯ ಕೂದಲುಗಳಿಗೆ ಅಂಟಿಕೊಂಡಿರುತ್ತವೆ. ಮೊದಲು ಹಳದಿ ಮಿಶ್ರಿತ ಕಿತ್ತಳೆ, ಆಮೇಲೆ ಕಂದು, ಮರಿ ಹೊರಬರುವ ಮುನ್ನ ಬೂದುಗಪ್ಪು. ಒಂದು ತಾಯಿಯಲ್ಲಿ ಗಾತ್ರಕ್ಕೆ ತಕ್ಕಂತೆ ಲಕ್ಷಗಟ್ಟಲೆ ಮೊಟ್ಟೆ. ಮರಿಗಳು ತೇಲುಜೀವಿಗಳಾಗಿ ವಾರಗಟ್ಟಲೆ ಕಡಲಲ್ಲಿ ಅಲೆಯುತ್ತವೆ. ಹಲವು ಹಂತ ದಾಟಿ ಏಡಿಯ ರೂಪಕ್ಕೆ ಬರುವವು ಬೆರಳೆಣಿಕೆಯಷ್ಟು, ಉಳಿದವು ಮೀನುಗಳ ಹೊಟ್ಟೆಗೆ. ಹಾಗಾಗಿಯೇ ಮೊಟ್ಟೆ ಹೊತ್ತ ಒಂದೊಂದು ತಾಯಿಯೂ ಮುಂದಿನ ಹಂಗಾಮಿನ ಬಂಡವಾಳ. ಕೆಲವರು ಮೊಟ್ಟೆಯನ್ನು ಕೆರೆದು ನೀರಿಗೆಸೆದು ತಾಯಿಯನ್ನು ಮಾರುತ್ತಾರೆ, ಮೊಟ್ಟೆ ಹೇಗೂ ಕಡಲು ಸೇರಿತಲ್ಲ ಎಂದುಕೊಳ್ಳುತ್ತಾರೆ. ಅದು ತಪ್ಪು ಲೆಕ್ಕ. ತಾಯಿ ಮುಚ್ಚಳ ಆಡಿಸಿ ಗಾಳಿ ನೀರು ಹಾಯಿಸುತ್ತಲೇ ಇರಬೇಕು. ತಳಕ್ಕೆ ಬಿದ್ದ ಮೊಟ್ಟೆ ಕೊಳೆಯುತ್ತದೆ. ಜೀವಂತ ಸಿಕ್ಕ ತಾಯಿಯನ್ನು ಬಲೆಯಿಂದ ಬಿಡಿಸಿದ ಜಾಗದಲ್ಲೇ ಬಿಡಿ. ಕಾಲು ಬಲೆಗೆ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಆ ಎಳೆಯನ್ನೇ ಕತ್ತರಿಸಿ.

ಮೊಟ್ಟೆಯಂತೆಯೇ ಕಾಣುವ ಇನ್ನೊಂದು ವಸ್ತುವಿದೆ. ಮುಚ್ಚಳದ ಅಡಿಯಲ್ಲಿ ನುಣುಪಾದ, ಕಾಳು ಕಾಳಾಗಿರದ ಹಳದಿ ಅಥವಾ ಕಂದು ಚೀಲ ಕಂಡರೆ ಅದು ಸ್ಯಾಕ್ಯುಲಿನಾ ಎಂಬ ಪರಾವಲಂಬಿ. ಅದರ ಬೇರುಗಳು ಏಡಿಯ ಒಳಗೆಲ್ಲ ಹರಡಿರುತ್ತವೆ. ತಗುಲಿದ ಏಡಿ ಸಂತಾನಹೀನವಾಗುತ್ತದೆ, ಗಂಡಿನ ಮುಚ್ಚಳವೂ ಹೆಣ್ಣಿನಂತೆ ಅಗಲವಾಗುತ್ತದೆ. ಇಂಥ ಏಡಿಯನ್ನು ನೀರಿಗೆ ಮರಳಿಸಬೇಡಿ, ಸಾಕಣೆಗೂ ತರಬೇಡಿ.

ಇನ್ನು ಕೆಸರು ಏಡಿ. ಅಘನಾಶಿನಿ ನದಿಯ ಗಜನಿಗಳಲ್ಲಿ ಮಳೆಗಾಲದ ಕಗ್ಗ ಭತ್ತದ ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟು ಮೀನು, ಸೀಗಡಿ ಹಿಡಿಯುವ ಪದ್ಧತಿ ಹಳೆಯದು. ಏಡಿಯೂ ನೀರಿನೊಡನೆ ಬರುತ್ತದೆ, ಕಟ್ಟೆಯಲ್ಲಿ ಬಿಲ ಕೊರೆದು ಸೋರಿಕೆಯನ್ನೂ ತರುತ್ತದೆ. ಇದನ್ನು ಕಾಟವೆಂದೇ ನೋಡುವ ಬದಲು ಕೊಬ್ಬಿಸಿ ಮಾರಿದರೆ ಆದಾಯವಾಗುತ್ತದೆ. ಚಿಪ್ಪು ಕಳಚಿ ಇನ್ನೂ ಗಟ್ಟಿಯಾಗದ ಏಡಿಯಲ್ಲಿ ಮಾಂಸ ಕಡಿಮೆ, ನೀರು ಹೆಚ್ಚು. ಕಾಲುಗಳ ಬುಡದ ಬಳಿ ಹೊಟ್ಟೆಯ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದರೆ ತಗ್ಗುತ್ತದೆ. ವ್ಯಾಪಾರಿ ಇದಕ್ಕೆ ಬೆಲೆ ಕಟ್ಟುವುದಿಲ್ಲ. ಅದೇ ಏಡಿಯನ್ನು ಮೂರ್ನಾಲ್ಕು ವಾರ ಸಾಕಿದರೆ ಮಾಂಸ ತುಂಬಿ ಬೆಲೆ ಏರುತ್ತದೆ.

ಉಬ್ಬರದ ನೀರು ಬಂದುಹೋಗುವ ಸಣ್ಣ ಹೊಂಡ ಸಾಕು. ಸುತ್ತ ಬಿದಿರು ಅಥವಾ ಬಲೆಯ ಬೇಲಿ, ಮೇಲಂಚು ಒಳಕ್ಕೆ ಬಾಗಿರಲಿ, ಬುಡ ಕೆಸರಿನೊಳಗೆ ಹೂತಿರಲಿ. ಚದರ ಮೀಟರಿಗೆ ಒಂದು ಏಡಿ ಸಾಕು. ಆಸೆಗೆ ಬಿದ್ದು ಹೆಚ್ಚು ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಹಳೆಯ ಹಂಚು, ಪೈಪಿನ ತುಂಡು ಹಾಕಿದರೆ ಮೆತ್ತನೆಯವು ಅಡಗಿಕೊಳ್ಳುತ್ತವೆ. ಬಳಚಿನ ಮಾಂಸ ಅಥವಾ ಅಗ್ಗದ ಸಣ್ಣ ಮೀನನ್ನು ಏಡಿಗಳ ಒಟ್ಟು ತೂಕದ ಶೇ. 5ರಿಂದ 10ರಷ್ಟು ಸಂಜೆ ಹಾಕಿ, ಇರುಳಿನಲ್ಲೇ ಅವು ಹೆಚ್ಚು ಮೇಯುವುದು. ಬೆಳಿಗ್ಗೆ ಉಳಿದದ್ದನ್ನು ತೆಗೆಯಲೇಬೇಕು, ನೀರು ಕೆಡುವುದು ಅಲ್ಲಿಂದಲೇ. ಮರಿಯಿಂದ ಬೆಳೆಸುವವರಿಗೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವಾದ ಎಂಪೆಡಾದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರ ತಮಿಳುನಾಡಿನ ಶೀರ್ಕಾಳಿ ಬಳಿ ಕೆಸರು ಏಡಿಯ ಮರಿ ಉತ್ಪಾದಿಸುತ್ತದೆ.

ಸೀಗಡಿ ಹೊಂಡದ ಮಗ್ಗುಲಲ್ಲೇ ಏಡಿ ಸಾಕುವುದು ಬೇಡ. 1990ರ ದಶಕದ ಮಧ್ಯದಲ್ಲಿ ದೇಶದ ಸೀಗಡಿ ಕೃಷಿಯನ್ನು ನೆಲಕಚ್ಚಿಸಿದ ಬಿಳಿಚುಕ್ಕೆ ರೋಗದ ವೈರಸ್ಸನ್ನು ಏಡಿಗಳು ತಾವು ಸಾಯದೆಯೇ ಹೊತ್ತು ತಿರುಗಬಲ್ಲವು. ಸೀಗಡಿ ಹೊಂಡದ ಕಟ್ಟೆಗೆ ಏಡಿ ತಡೆಯುವ ಬೇಲಿ ಕಟ್ಟುವುದು ಇದೇ ಕಾರಣಕ್ಕೆ.

ಕೊಬ್ಬಿದ ಏಡಿಯನ್ನು ತಂಪು ಹೊತ್ತಿನಲ್ಲಿ ಹಿಡಿದು, ಕೊಂಡಿಗಳನ್ನು ಮಡಿಸಿ ದಾರದಿಂದ ಬಿಗಿಯಿರಿ. ಕೆಸರು ಏಡಿ ಒದ್ದೆ ಗೋಣಿಯ ಅಡಿ ನೆರಳಲ್ಲಿ ದಿನಗಟ್ಟಲೆ ಬದುಕುತ್ತದೆ, ಜೀವಂತ ಮಾರಾಟಕ್ಕೆ ಒಗ್ಗುವುದು ಅದರಿಂದಲೇ. ಕಡಲಿನ ಮೂರು ಚುಕ್ಕೆ ಏಡಿಗೂ ನೀಲಿ ಏಡಿಗೂ ಆ ತಾಳಿಕೆಯಿಲ್ಲ. ಅವನ್ನು ದೋಣಿಯಲ್ಲೇ ಐಸಿಗೆ ಹಾಕಿ, ಸತ್ತು ಬಿಸಿಲಿಗೆ ಬಿದ್ದದ್ದನ್ನು ಮನೆಯ ಸಾರಿಗೂ ಬಳಸಬೇಡಿ.