ಬೇಸಿಗೆಯ ಹಿಮ

ನಮ್ಮ ಕನ್ನಡದಲ್ಲಿ ‘ಮಂಜು’ ಎಂಬುದು ಬಹಳ ದುಡಿಯುವ ಪದ. ಮಡಿಕೇರಿಯ ರಸ್ತೆಯನ್ನು ಬೆಳಗಿನ ಹೊತ್ತು ಮರೆಮಾಡುವುದೂ ಮಂಜು. ಮಾಗಿಯ ಕಾಲದಲ್ಲಿ ಹುಲ್ಲಿನ ತುದಿಯಲ್ಲಿ ಹೊಳೆಯುವ ಹನಿಯೂ ಮಂಜು. ಹಿಮಾಲಯದ ಶಿಖರಗಳ ಮೇಲೆ ಬಿದ್ದಿರುವುದೂ ಮಂಜು. ಶರಬತ್ತಿನ ಲೋಟದಲ್ಲಿ ತೇಲುವುದು ಮಂಜುಗಡ್ಡೆ. ಹಿಮ ಬೀಳದ ನಾಡಿನವರಾದ ನಮಗೆ ಇದರಿಂದ ತೊಂದರೆಯೇನೂ ಆಗಿಲ್ಲ. ಆದರೆ ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಉದುರುವುದನ್ನೂ, ಬೆಟ್ಟದ ಇಳಿಜಾರಿನಿಂದ ಹಿಮದ ರಾಶಿ ಕಳಚಿ ಜಾರುವುದನ್ನೂ ಎಷ್ಟೋ ಸಲ ‘ಹಿಮಪಾತ’ ಎಂದೇ ಬರೆದುಬಿಡುತ್ತವೆ. ಮೊದಲನೆಯದು ಹತ್ತಿಯಂತೆ ಮೆಲ್ಲಗೆ ಇಳಿಯುವಂಥದು. ಎರಡನೆಯದು ಮನುಷ್ಯರನ್ನೂ ಮನೆಗಳನ್ನೂ ಹೂಳಬಲ್ಲದು. ಈ ಎರಡನೆಯದನ್ನು ನಾವು ಹಿಮಕುಸಿತ ಎಂದು ಬೇರೆಯಾಗಿಯೇ ಕರೆಯೋಣ.

ಹಿಮಕುಸಿತವು ಚಳಿಗಾಲದ ಅನಾಹುತವೆಂದು ನಾನೂ ಬಹುಕಾಲ ನಂಬಿದ್ದೆ. ಬಿಸಿಲು ಬಂದಿತೆಂದರೆ ಹಿಮ ಕರಗಿ ನೀರಾಗಿ ಹರಿದುಹೋಗುತ್ತದೆ, ಅಪಾಯವೂ ಅದರೊಡನೆ ಹೋಗುತ್ತದೆ ಎಂಬುದು ನನ್ನ ತರ್ಕವಾಗಿತ್ತು. ಮೇ, ಜೂನ್ ತಿಂಗಳುಗಳಲ್ಲಿ, ಇಲ್ಲಿನ ಸೆಕೆಗೆ ಬೇಸತ್ತು ಕುಲೂ, ಗಢವಾಲ, ಲಡಾಖ್ ಕಡೆಗೆ ರೈಲು ಹತ್ತುವ ನಮ್ಮವರಲ್ಲಿ ಅನೇಕರು ಈಗಲೂ ಹೀಗೆಯೇ ತಿಳಿದಿರುತ್ತಾರೆ. ಈ ತರ್ಕ ಎಲ್ಲಿ ತಪ್ಪುತ್ತದೆಂಬುದನ್ನು ನನಗೆ ಕಲಿಸಿದವನು ಒಬ್ಬ ಮಾರ್ಗದರ್ಶಿ.

ನಿವೃತ್ತಿಗೆ ಕೆಲವು ವರ್ಷ ಮೊದಲು, ಜೂನ್ ತಿಂಗಳ ಮೊದಲ ವಾರದಲ್ಲಿ, ನಾವು ಆರು ಮಂದಿ ಗೆಳೆಯರು ಕುಲೂ ಕಣಿವೆಯಿಂದ ಹಂಪ್ತಾ ಕಣಿವೆಮಾರ್ಗದ ಕಡೆಗೆ ನಡೆದು ಹೊರಟಿದ್ದೆವು. ಸುಮಾರು 14,000 ಅಡಿ ಎತ್ತರದ ಈ ಮಾರ್ಗವನ್ನು ದಾಟಿದರೆ ಲಾಹೌಲ್ ಸೀಮೆ. ಮೂರನೆಯ ದಿನ ಬೆಳಗ್ಗೆ ನಾವು ತಡವಾಗಿ ಎದ್ದೆವು. ಅವಲಕ್ಕಿ ನೆನೆಸಿ ತಿಂದು, ಛಾಯಾಚಿತ್ರಗಳನ್ನು ತೆಗೆದುಕೊಂಡು, ಡೇರೆ ಕಟ್ಟಿ ಹೊರಡುವಾಗ ಗಂಟೆ ಹತ್ತಾಗಿತ್ತು. ಹನ್ನೊಂದರ ಹೊತ್ತಿಗೆ ಒಂದು ಅಗಲವಾದ ಹಿಮದ ಇಳಿಜಾರು ಅಡ್ಡವಾಯಿತು. ದಾಟಲು ಹತ್ತೇ ನಿಮಿಷದ ದಾರಿ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲ. ನಮ್ಮ ಮಾರ್ಗದರ್ಶಿ ತನ್ನ ಕೋಲನ್ನು ಹಿಮದೊಳಗೆ ಒತ್ತಿ ನೋಡಿದ. ಅದು ಬೆಣ್ಣೆಯೊಳಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು. ಆತ ಹೊರೆಯನ್ನು ಕೆಳಗಿಟ್ಟು ಕುಳಿತುಬಿಟ್ಟ.

“ಮಾಸ್ಟರ್‌ಜೀ, ಇದನ್ನು ಈ ಹೊತ್ತಿನಲ್ಲಿ ದಾಟುವುದಿಲ್ಲ. ನಾಳೆ ನಾಲ್ಕು ಗಂಟೆಗೆ ಏಳೋಣ” ಎಂದ.

ನನಗೆ ಸಿಟ್ಟು ಬಂತು. ಮುಂದಿನ ಊರಿನಲ್ಲಿ ಬಸ್ಸು, ದೆಹಲಿಯಲ್ಲಿ ರೈಲು, ಎಲ್ಲಕ್ಕೂ ದಿನ ಗೊತ್ತಾಗಿತ್ತು. ಹತ್ತು ನಿಮಿಷದ ದಾರಿಗಾಗಿ ಒಂದು ದಿನ ಕಳೆಯುವುದೇ ಎಂದು ವಾದಿಸಿದೆ. ಆತ ಉತ್ತರ ಕೊಡಲಿಲ್ಲ. ಒಲೆ ಹೊತ್ತಿಸಿ ಚಹಕ್ಕೆ ನೀರಿಟ್ಟ. ಮಧ್ಯಾಹ್ನ ಎರಡು ಗಂಟೆಯಾಗಿರಬಹುದು. ನಾವು ದಾಟಬೇಕೆಂದಿದ್ದ ಇಳಿಜಾರಿನ ಮೇಲ್ಭಾಗದಲ್ಲಿ ಒಂದು ಗೀರು ಕಾಣಿಸಿತು. ಸದ್ದು ಅನಂತರ ಬಂತು: ಗುಡುಗಲ್ಲ, ಸಿಡಿಲಲ್ಲ, ಟಿಪ್ಪರಿನಿಂದ ಜಲ್ಲಿ ಸುರಿದಂಥ ಸದ್ದು. ಇಡೀ ಇಳಿಜಾರು ಗಂಜಿಯಂತೆ ಹರಿದು ಕೆಳಗಿನ ಹಳ್ಳವನ್ನು ತುಂಬಿ ನಿಂತಿತು. ನಮ್ಮಲ್ಲಿ ಯಾರೂ ಬಹಳ ಹೊತ್ತು ಮಾತನಾಡಲಿಲ್ಲ.

ಆ ದಿನ ನಡೆದುದರ ಕಾರಣವನ್ನು ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಬೆಟ್ಟದ ಮೇಲಿನ ಹಿಮವು ಒಂದೇ ಹೊದಿಕೆಯಲ್ಲ. ಒಂದೊಂದು ಸಲ ಬಿದ್ದ ಹಿಮವೂ ಒಂದೊಂದು ಪದರವಾಗಿ ಕೂರುತ್ತದೆ. ಕೆಲವು ಪದರಗಳು ಗಟ್ಟಿ; ಕೆಲವು ಸಕ್ಕರೆಯ ಹರಳಿನಂತೆ ಒಂದಕ್ಕೊಂದು ಅಂಟದ ಸಡಿಲು ಕಣಗಳು. ಚಳಿಗಾಲದಲ್ಲಿ ಇಂಥ ದುರ್ಬಲ ಪದರದ ಮೇಲೆ ಹೊಸ ಹಿಮದ ಭಾರ ಬಿದ್ದಾಗ ಮೇಲಿನ ಪದರವು ಹಲಗೆಯಂತೆ ಬಿರಿದು ಕಳಚಿಕೊಳ್ಳುತ್ತದೆ. ಒಣಹಿಮದ ಇಂಥ ಕುಸಿತವು ಗಂಟೆಗೆ ನೂರು ಕಿಲೋಮೀಟರನ್ನು ಮೀರಿದ ವೇಗದಲ್ಲಿ ಧಾವಿಸಬಲ್ಲದು. ಬೇಸಿಗೆಯ ಆರಂಭದ ಕುಸಿತ ಬೇರೆ ಬಗೆಯದು. ಹಗಲಿನ ಬಿಸಿಲಿಗೆ ಮೇಲ್ಮೈ ಕರಗಿ, ಆ ನೀರು ಕಣಗಳ ನಡುವೆ ಇಳಿಯುತ್ತದೆ. ಕಣಕ್ಕೂ ಕಣಕ್ಕೂ ಇದ್ದ ಬೆಸುಗೆ ಬಿಡುತ್ತದೆ. ನೀರು ಇನ್ನೂ ಕೆಳಕ್ಕಿಳಿದು ನುಣುಪಾದ ಬಂಡೆಯನ್ನೋ ಗಟ್ಟಿ ಪದರವನ್ನೋ ತಲುಪಿ ಅಲ್ಲಿ ಹರಡಿದಾಗ ಮೇಲಿನ ಭಾರಕ್ಕೆ ಆಧಾರವೇ ತಪ್ಪುತ್ತದೆ. ಈ ಒದ್ದೆ ಹಿಮವು ಒಣಹಿಮದಷ್ಟು ವೇಗವಾಗಿ ಬರುವುದಿಲ್ಲ. ಆದರೆ ಅದರ ತೂಕ ಭಯಂಕರ. ಒಂದು ಘನ ಮೀಟರ್ ಒದ್ದೆ ಹಿಮವು ನಾಲ್ಕು ಕ್ವಿಂಟಾಲಿಗಿಂತ ಹೆಚ್ಚು ತೂಗಬಲ್ಲದು. ಆರು ಮೀಟರ್ ಉದ್ದ, ಆರು ಮೀಟರ್ ಅಗಲದ ನಿಮ್ಮ ತರಗತಿಯ ನೆಲದ ಮೇಲೆ ಅದು ಒಂದು ಮೀಟರ್ ದಪ್ಪಕ್ಕೆ ಹರಡಿದೆಯೆಂದು ಊಹಿಸಿಕೊಳ್ಳಿರಿ. ಹದಿನಾಲ್ಕು ಟನ್ನು ಮೀರುತ್ತದೆ. ಬೆಟ್ಟದಿಂದ ಇಳಿಯುವುದು ಒಂದು ಕೋಣೆಯಷ್ಟಲ್ಲ, ಒಂದು ಕೆರೆಯಂಗಳದಷ್ಟು.

ಎಲ್ಲ ಇಳಿಜಾರುಗಳೂ ಸಮಾನವಾಗಿ ಅಪಾಯಕಾರಿಯಲ್ಲ. ನಿಮ್ಮ ಜ್ಯಾಮಿತಿಯ ಪೆಟ್ಟಿಗೆಯಲ್ಲಿರುವ ಕೋನಮಾಪಕವನ್ನು ತೆಗೆದು ನೋಡಿರಿ. ಬಹುಪಾಲು ಹಿಮಕುಸಿತಗಳು 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿ ಆಗುತ್ತವೆ. ಅದಕ್ಕಿಂತ ಬಹಳ ಕಡಿದಾದ ಕಡೆ ಹಿಮವು ಹೆಚ್ಚಾಗಿ ಶೇಖರವಾಗದೆ ಆಗಾಗ ಉದುರಿಹೋಗುತ್ತದೆ. ಬಹಳ ಮಟ್ಟಸವಾದ ಕಡೆ ಜಾರುವುದಿಲ್ಲ. ವಿಪರ್ಯಾಸವೆಂದರೆ, ನಡೆಯುವವನ ಕಣ್ಣಿಗೆ ‘ಇದನ್ನು ಹತ್ತಬಹುದು’ ಎಂದು ತೋರುವ ಇಳಿಜಾರುಗಳು ಬಹುಮಟ್ಟಿಗೆ ಇವೇ. ಆದರೆ ಮಟ್ಟಸವಾದ ಜಾಗದಲ್ಲಿ ನಿಂತವನು ಕ್ಷೇಮವೆಂದೂ ಹೇಳಲಾಗದು; ತಲೆಯ ಮೇಲಿನ ಇಳಿಜಾರು ಅವನಿದ್ದಲ್ಲಿಗೇ ಬರಬಹುದು.

ಕೂಗಿದರೆ ಹಿಮ ಬೀಳುತ್ತದೆಂದು ಚಲನಚಿತ್ರಗಳಲ್ಲಿ ತೋರಿಸುವುದುಂಟು. ಅದು ಸುಳ್ಳು. ಮನುಷ್ಯನ ಕಂಠಕ್ಕೆ ಅಷ್ಟು ಬಲವಿಲ್ಲ. ಆದರೆ ಅವನ ಪಾದದ ಭಾರಕ್ಕೆ ಇದೆ. ಹಿಮಕುಸಿತಕ್ಕೆ ಸಿಕ್ಕಿದ ಚಾರಣಿಗರಲ್ಲಿ, ಹಿಮದ ಮೇಲೆ ಜಾರುವ ಕ್ರೀಡಾಳುಗಳಲ್ಲಿ ಬಹುಮಂದಿಯ ಪಾಲಿಗೆ ಆ ಕುಸಿತವನ್ನು ಸಡಿಲಿಸಿದವರು ಅವರೇ ಅಥವಾ ಅವರ ಜೊತೆಯವರೇ.

ಬೆಟ್ಟವು ಮುನ್ಸೂಚನೆ ಕೊಡದೆ ಇರುವುದಿಲ್ಲ. ಮೇಲಿನಿಂದ ಸಣ್ಣ ಹಿಮದುಂಡೆಗಳು ತಾವಾಗಿಯೇ ಉರುಳಿ ಬರುತ್ತಿದ್ದರೆ ಬಿಸಿಲು ತನ್ನ ಕೆಲಸ ಆರಂಭಿಸಿದೆಯೆಂದು ತಿಳಿಯಬೇಕು. ಕಾಲಿಟ್ಟಾಗ ಹಿಮ ಒಳಗಿನಿಂದ ‘ಧುಮ್’ ಎಂದು ಕುಸಿದ ಸದ್ದಾದರೆ, ಹೆಜ್ಜೆಯ ಸುತ್ತ ಬಿರುಕು ಓಡಿದರೆ, ಬಂದ ದಾರಿಯಲ್ಲೇ ಮರಳಬೇಕು. ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿದ್ದರೆ ಹೊತ್ತು ಮೀರಿದೆ. ಎಲ್ಲಕ್ಕಿಂತ ದೊಡ್ಡ ಸೂಚನೆಯೆಂದರೆ ಹಿಂದಿನ ರಾತ್ರಿ. ನಿರ್ಮಲವಾದ ಆಕಾಶದ ರಾತ್ರಿಯಲ್ಲಿ ಹಿಮ ಮತ್ತೆ ಹೆಪ್ಪುಗಟ್ಟಿ, ಬೆಳಗಿನ ಜಾವಕ್ಕೆ ಗಾರೆ ನೆಲದಂತಾಗುತ್ತದೆ. ಮೋಡ ಕವಿದು ಬೆಚ್ಚಗಿದ್ದ ರಾತ್ರಿಯಲ್ಲಿ ಅದು ಹೆಪ್ಪುಗಟ್ಟುವುದಿಲ್ಲ. ಅಂಥ ರಾತ್ರಿ ಕಳೆದ ಮೇಲೆ ಬೆಳಗಿನ ಜಾವವನ್ನೂ ನಂಬಬಾರದು. ಪೂರ್ವದ ಇಳಿಜಾರು ಮೊದಲು ಸಡಿಲಾಗುತ್ತದೆ, ಪಶ್ಚಿಮದ್ದು ಅಪರಾಹ್ಣದಲ್ಲಿ. ಹಳ್ಳಗಳ ಮೇಲೆ ಕಟ್ಟಿಕೊಂಡ ಹಿಮದ ಸೇತುವೆಗಳನ್ನು ಈ ಕಾಲದಲ್ಲಿ ಕೆಳಗಿನ ನೀರು ಕೊರೆಯುತ್ತಿರುತ್ತದೆ; ಮೇಲಿನಿಂದ ನೋಡಿದರೆ ಅದು ತಿಳಿಯದು.

ದಾಟಲೇಬೇಕಾದಾಗ ಒಬ್ಬರ ಅನಂತರ ಒಬ್ಬರು ದಾಟಬೇಕು. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವನನ್ನೇ ನೋಡುತ್ತಿರಬೇಕು. ಏಕೆಂದರೆ ಹೂತುಹೋದವನಿಗೆ ಉಳಿದಿರುವ ಕಾಲ ಅತ್ಯಲ್ಪ. ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಬದುಕುವವರು ಮೂವರಲ್ಲಿ ಒಬ್ಬರಷ್ಟೇ. ಪೇಟೆಯಿಂದ ನೆರವು ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಜೊತೆಯಲ್ಲಿದ್ದವರ ಕೈಯ ಸಲಿಕೆಯೇ ಅವನಿಗೆ ಗತಿ. ಈಗ ಇಂಥ ಕಡೆ ಹೋಗುವವರು ಸಲಿಕೆ, ಹಿಮವನ್ನು ಚುಚ್ಚಿ ಹುಡುಕುವ ಉದ್ದನೆಯ ಸರಳು, ಹೂತವನಿರುವ ದಿಕ್ಕನ್ನು ತಿಳಿಸುವ ಪುಟ್ಟ ರೇಡಿಯೋ ಉಪಕರಣ, ಈ ಮೂರನ್ನೂ ಒಯ್ಯುತ್ತಾರೆ.

ಇದಕ್ಕೆ ಒಂದು ಅಪವಾದವನ್ನು ನಮ್ಮ ನಾಡು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೇನಾ ನೆಲೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರನೆಯ ದಿನ ಅಗೆದು ತೆಗೆದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಲ್ಲಿ ಉಸಿರಿತ್ತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿಯಲ್ಲಿಯೂ ಕರ್ನಾಟಕದವರಿದ್ದರು.

ಅದು ಚಳಿಗಾಲದ ಕಥೆ. ಬೇಸಿಗೆಯಲ್ಲಿಯೂ ಪರ್ವತ ಬಲಿ ತೆಗೆದುಕೊಂಡಿದೆ. 2019ರ ಮೇ ತಿಂಗಳ ಕೊನೆಯಲ್ಲಿ ಉತ್ತರಾಖಂಡದ ನಂದಾದೇವಿ ಪೂರ್ವ ಶಿಖರದ ಪ್ರದೇಶದಲ್ಲಿ ಎಂಟು ಮಂದಿ ಪರ್ವತಾರೋಹಿಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. 2024ರ ಜೂನ್ ಮೊದಲ ವಾರದಲ್ಲಿ, ಅದೇ ರಾಜ್ಯದ ಸಹಸ್ರತಾಲ್ ಹಾದಿಯಲ್ಲಿ ನಮ್ಮ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವೊಂದು ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಮರಳಲಿಲ್ಲ. ಅಲ್ಲಿ ಕೊಂದದ್ದು ಕುಸಿದ ಹಿಮವಲ್ಲ, ಚಳಿ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಂದು ನೀವು ಭೂಗೋಳದಲ್ಲಿ ಓದಿದ್ದೀರಿ. ನೆನೆದ ಬಟ್ಟೆಯ ಮೇಲೆ ಗಾಳಿ ಬೀಸತೊಡಗಿದರೆ ಆ ಲೆಕ್ಕವೂ ನಿಲ್ಲುವುದಿಲ್ಲ. ಬೆಳಗ್ಗೆ ಕಣ್ಣು ಕೋರೈಸುವ ಬಿಸಿಲಿದ್ದ ಜಾಗದಲ್ಲಿ ಮಧ್ಯಾಹ್ನ ಅಂಗೈ ಕಾಣದಷ್ಟು ಹಿಮ ಸುರಿಯಬಹುದು. ಆ ಬಿಸಿಲನ್ನಾದರೂ ಕಪ್ಪು ಕನ್ನಡಕವಿಲ್ಲದೆ ನೋಡುವಂತಿಲ್ಲ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆದು, ಕಣ್ಣನ್ನು ಒಂದೆರಡು ದಿನ ಕುರುಡಾಗಿಸಬಲ್ಲದು.

ಇನ್ನು ಅಲ್ಲಿಯೇ ಹುಟ್ಟಿ ಬಾಳುವ ಜೀವಿಗಳ ವಿಷಯ. ಚಳಿಗಾಲವಿಡೀ ಒಣಹುಲ್ಲು ಕೆರೆದು ತಿಂದು ಬಡಕಲಾದ ಐಬೆಕ್ಸ್ ಎಂಬ ಕಾಡುಮೇಕೆಗಳೂ, ಭರಲ್ ಎಂಬ ನೀಲಿ ಕುರಿಗಳೂ ಹಿಮದ ಅಂಚು ಮೇಲೆ ಸರಿದಂತೆ ಅದರ ಬೆನ್ನು ಹಿಡಿದು ಏರುತ್ತವೆ. ಹಿಮ ಕರಗಿದ ಕಡೆ ಆಗತಾನೇ ಮೊಳೆತ ಹುಲ್ಲಿನಲ್ಲಿ ಸತ್ವ ಹೆಚ್ಚು. ಮರಿ ಹಾಕುವ ಕಾಲವೂ ಇದೇ. ಮಾರ್ಮಟ್ ಎಂಬ ದಪ್ಪ ಅಳಿಲಿನ ಜಾತಿಯ ಪ್ರಾಣಿ ಆರು ತಿಂಗಳಿಗೂ ಮೀರಿದ ನಿದ್ರೆ ಮುಗಿಸಿ ಬಿಲದ ಬಾಯಲ್ಲಿ ಕುಳಿತು, ಅಪರಿಚಿತರನ್ನು ಕಂಡರೆ ಸಿಳ್ಳು ಹಾಕುತ್ತದೆ. ಕಂದು ಕರಡಿಯೂ ಗುಹೆ ಬಿಟ್ಟು ಹಸಿದು ಹೊರಟಿರುತ್ತದೆ. ಕಾಡಿನ ಮೇಲಂಚಿನಲ್ಲಿ ಮೋನಾಲ್ ಹಕ್ಕಿ ಕೊಕ್ಕಿನಿಂದ ಮಣ್ಣು ಅಗೆದು ಗೆಡ್ಡೆ, ಹುಳುಗಳನ್ನು ಹುಡುಕುತ್ತದೆ; ಗಂಡಿನ ಮೈಬಣ್ಣವನ್ನು ನೋಡಿದವರು ನಮ್ಮ ನವಿಲಿನ ಹತ್ತಿರದ ನೆಂಟನೆಂದಾರು. ಇವೆಲ್ಲದರ ಹಿಂದೆ, ಕಾಣದಂತೆ, ಹಿಮಚಿರತೆ. 2024ರಲ್ಲಿ ಪ್ರಕಟವಾದ ಗಣತಿಯ ಅಂದಾಜಿನಂತೆ ಭಾರತದಲ್ಲಿ 718 ಹಿಮಚಿರತೆಗಳಿವೆ. ಆ ಗಣತಿಯಲ್ಲಿ ಪಾಲುಗೊಂಡ ಸಂಸ್ಥೆಗಳಲ್ಲಿ ಒಂದು, ದಶಕಗಳಿಂದ ಸ್ಪಿತಿಯಲ್ಲಿ ಈ ಪ್ರಾಣಿಯನ್ನು ಅಭ್ಯಾಸ ಮಾಡುತ್ತಿರುವ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬುದು ನಮಗೆ ಸಂತೋಷದ ಸಂಗತಿ.

ಛಾಯಾಚಿತ್ರದ ಆಸೆಗೆ ಇವುಗಳನ್ನು ಬೆನ್ನಟ್ಟುವವರನ್ನು ನಾನು ಕಂಡಿದ್ದೇನೆ. ಮೈಯ ಕೊಬ್ಬೆಲ್ಲ ಕರಗಿದ ಗಬ್ಬದ ಪ್ರಾಣಿಯನ್ನು ಹಿಮದಲ್ಲಿ ಓಡಿಸುವುದು ಅದರ ಬಾಯಿಯ ತುತ್ತನ್ನು ಕಸಿದಂತೆಯೇ. ಮರಿಯೊಡನಿರುವ ಕರಡಿಯ ವಿಷಯದಲ್ಲಾದರೆ ನಷ್ಟ ನಮ್ಮದೇ.

ಪ್ರಾಣಿಗಳಿಗೆ ಹಿಮಕುಸಿತ ಮೊದಲೇ ತಿಳಿಯುತ್ತದೆಂದು ಹೇಳುವವರುಂಟು. ನಾನು ಒಪ್ಪಲಾರೆ. ಐಬೆಕ್ಸ್‌ಗಳೂ ಹಿಮದಡಿಯಲ್ಲಿ ಸಾಯುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿದಾಗ ಹೊರಬೀಳುವ ಆ ಕಳೇಬರಗಳು ಕರಡಿಗೂ ಗಡ್ಡದ ರಣಹದ್ದಿಗೂ ಆಹಾರ. ಮರಗಳಾದರೂ ಅಷ್ಟೇ. ಹಿಮ ಪದೇ ಪದೇ ಜಾರುವ ದಾರಿಯಲ್ಲಿ ದೇವದಾರು ನಿಲ್ಲಲಾರದು. ಬಾಗಬಲ್ಲ ಭೂರ್ಜವೃಕ್ಷಗಳು ಮಾತ್ರ ಕೆಳಮುಖವಾಗಿ ಡೊಂಕಾಗಿ ಬೆಳೆದಿರುತ್ತವೆ. ಹಿಂದಿನವರು ಯಾವುದರ ತೊಗಟೆಯ ಮೇಲೆ ಗ್ರಂಥಗಳನ್ನು ಬರೆದರೋ ಅದೇ ಮರ. ಕಾಡಿನ ನಡುವೆ ಬೋಳಾದ ಒಂದು ಪಟ್ಟಿ, ಅದರಲ್ಲಿ ಬಾಗಿದ ಭೂರ್ಜಗಳು ಕಂಡರೆ ಅಲ್ಲಿ ಡೇರೆ ಹಾಕಬಾರದೆಂದು ನಮ್ಮ ಮಾರ್ಗದರ್ಶಿ ತೋರಿಸಿಕೊಟ್ಟ.

ಆ ರಾತ್ರಿ ನಿದ್ರೆ ಬರಲಿಲ್ಲ. ನಕ್ಷತ್ರಗಳು ಬಹಳ ಹತ್ತಿರವಿದ್ದವು; ಚಳಿ ಮೂಳೆಗೆ ಇಳಿಯುತ್ತಿತ್ತು. ಮಾರ್ಗದರ್ಶಿ ಹೊರಗೆ ಬಂದು ಆಕಾಶವನ್ನೊಮ್ಮೆ ನೋಡಿ, “ಒಳ್ಳೆಯ ಚಳಿ” ಎಂದು ಹೇಳಿ ಮಲಗಿದ. ನಾಲ್ಕಕ್ಕೆ ಎದ್ದು, ಐದಕ್ಕೆ ಇಳಿಜಾರಿನ ಅಂಚಿಗೆ ಬಂದಾಗ, ನಮಗಿಂತ ಮೊದಲೇ ಒಂದು ಕುರಿಮಂದೆ ಅಲ್ಲಿ ದಾಟುತ್ತಿತ್ತು. ಬೇಸಿಗೆಯ ಹುಲ್ಲುಗಾವಲಿಗೆ ಹೊರಟ ಗದ್ದಿ ಜನಾಂಗದ ಕುರುಬರು. ಉಣ್ಣೆಯ ಚೋಳ ತೊಟ್ಟ ಒಬ್ಬ ಮುದುಕ ಎಲ್ಲರಿಗಿಂತ ಮುಂದೆ. ಅವನ ಮಡಿಲಿನಿಂದ ಒಂದು ಕುರಿಮರಿ ತಲೆ ಹೊರಹಾಕಿತ್ತು. ನಿನ್ನೆ ಕೋಲು ನುಂಗಿದ ಹಿಮದ ಮೇಲೆ ಇಂದು ಕುರಿಗಳ ಗೊರಸು ಟಕಟಕನೆ ಸದ್ದು ಮಾಡುತ್ತಿತ್ತು.

ನಾವೂ ಒಬ್ಬೊಬ್ಬರಾಗಿ ದಾಟಿದೆವು. ನನ್ನ ಸರದಿ ನಾಲ್ಕನೆಯದು. ನಿನ್ನೆ ಹರಿದುಬಂದ ರಾಶಿಯು ಕಾರ್ಖಾನೆಯಲ್ಲಿ ಎರಕ ಹೊಯ್ದಂತೆ ಗಟ್ಟಿಯಾಗಿತ್ತು. ಬೂಟಿನ ಮೊನೆ ಅದನ್ನು ಗೀರಲಾರದು. ಅದರ ಮೇಲೆ ಹೆಜ್ಜೆಯಿಡುವಾಗ, ನಿನ್ನೆ ಹನ್ನೊಂದು ಗಂಟೆಗೆ ನಾನು ಆಡಿದ ಮಾತುಗಳೆಲ್ಲ ನೆನಪಿಗೆ ಬಂದುವು. ಆಚೆಯ ಬಂಡೆಯನ್ನು ಮುಟ್ಟಿದಾಗ ಗಂಟೆ ಆರೂ ಆಗಿರಲಿಲ್ಲ. ಮಾರ್ಗದರ್ಶಿ ಚಹದ ಪಾತ್ರೆಯನ್ನು ಕೆಳಗಿಟ್ಟು ಎದುರಿನ ಶಿಖರದ ಕಡೆಗೆ ಕೈ ತೋರಿಸಿದ. ಬಿಸಿಲು ಆಗಷ್ಟೇ ಅದರ ತುದಿಯನ್ನು ಮುಟ್ಟಿತ್ತು.